ಕಂಟ್ರೋಲರ್ ಪುಸ್ತಕ, ಲೆಕ್ಕಕ್ಕೆ ಸಿಗದ ಹುಡುಗ

ತಾಲ್ಲೂಕು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕೂರುವ ಗೂಡಿನಂಥ ಕೋಣೆ ಇರುತ್ತದಲ್ಲ, ಅದರ ಕಿಟಕಿಯೊಳಗೆ ಒಂದು ಉದ್ದನೆಯ ರಿಜಿಸ್ಟರ್. ರಟ್ಟಿನ ಹೊದಿಕೆ, ಬೆನ್ನಿಗೆ ಬಟ್ಟೆಯ ಪಟ್ಟಿ, ಒಳಗೆ ಸ್ಕೇಲಿಟ್ಟು ಎಳೆದ ಗೆರೆಗಳು. ಬಸ್ಸು ಬಂದು ನಿಂತ ಕೂಡಲೇ ಕಂಡಕ್ಟರ್ ಇಳಿದು ಕಿಟಕಿಗೆ ಬರುತ್ತಾರೆ. ಶೆಡ್ಯೂಲ್ ನಂಬರು, ಗಾಡಿ ನಂಬರು, ಬಂದ ಹೊತ್ತು, ಬಿಟ್ಟ ಹೊತ್ತು ಬರೆದಾಯಿತು. ಬಾರದ ಬಸ್ಸಿನ ಎದುರು ಕೆಂಪು ಶಾಯಿಯ ಅಡ್ಡಗೆರೆ. ಆ ಕೆಂಪು ಗೆರೆ ಕಣ್ಣಿಗೆ ಬೀಳಲು ನನಗೆ ಎರಡು ತಿಂಗಳು ಬೇಕಾಯಿತು.

ನಮ್ಮ ಕಡೆಯ ಒಂದು ಹಳ್ಳಿಗೆ ಸಂಜೆ 6.40ಕ್ಕೆ ಕೊನೆಯ ಬಸ್ಸು. ಕಾಲೇಜಿಗೆ ಹೋಗುವ ಮಕ್ಕಳು ಅದನ್ನೇ ನಂಬಿದ್ದಾರೆ. ಅದು ಬರದ ದಿನ ಗೂಡ್ಸ್ ಆಟೊ ಹತ್ತಬೇಕು, ಇಲ್ಲವೇ ಟಾರ್ಚ್ ಹಿಡಿದು ನಡೆಯಬೇಕು. ಊರವರು ಬಸ್ಸು ವಾರದಲ್ಲಿ ಎರಡು ದಿನ ಕೈ ಕೊಡುತ್ತದೆ ಎನ್ನುತ್ತಿದ್ದರು, ಕಚೇರಿಯಲ್ಲಿ ಪ್ರತಿದಿನ ಬಿಡುತ್ತಿದ್ದೇವೆ ಎನ್ನುತ್ತಿದ್ದರು. ಕಳೆದ ಆರು ತಿಂಗಳಲ್ಲಿ ಅದು ನಿಜವಾಗಿ ಎಷ್ಟು ದಿನ ಓಡಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಪುಟದ ಅರ್ಜಿ. ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು: ಕೋರಿರುವ ನಮೂನೆಯಲ್ಲಿ ಮಾಹಿತಿಯನ್ನು ಈ ಕಚೇರಿಯಲ್ಲಿ ನಿರ್ವಹಿಸುತ್ತಿರುವುದಿಲ್ಲ. ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಮುಚ್ಚಿಡ್ತಾರೆ ಸಾರ್, ಅವರು ಯಾಕೆ ಕೊಡ್ತಾರೆ?

ಆಮೇಲೆ ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಕಂಟ್ರೋಲರ್ ಹತ್ತಿರ ಸುಮ್ಮನೆ ಕೇಳಿದೆ. ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಹಿಂದಿನ ಪುಟಗಳನ್ನು ಮಗುಚಿ, ಬೆರಳಿಟ್ಟು ತೋರಿಸಿದರು. ಒಂದು ತಿಂಗಳ ಕೆಂಪು ಗೆರೆಗಳನ್ನು ಎಣಿಸಲು ಹತ್ತು ನಿಮಿಷ ಸಾಕಾಯಿತು. ಊರವರು ಹೇಳಿದ್ದು ನಿಜವಾಗಿತ್ತು. ಉತ್ತರ ಬರೆದ ಗುಮಾಸ್ತರೂ ಸುಳ್ಳು ಹೇಳಿರಲಿಲ್ಲ. ಆ ಕಚೇರಿಯಲ್ಲಿ ಯಾರೂ ಆ ಗೆರೆಗಳನ್ನು ಕೂಡಿರಲಿಲ್ಲ, ಅಷ್ಟೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾನು ಅರ್ಜಿ ಹಾಕಿದ್ದೆ, ಅವರು ಉತ್ತರ ಕೊಟ್ಟಿದ್ದರು.

ಸಾರಿಗೆಯ ವಿಷಯದಲ್ಲಿ ಸರ್ಕಾರ ಮಾಹಿತಿಯನ್ನು ಮುಚ್ಚಿಡುತ್ತದೆ ಎಂಬ ಮಾತು ನಮ್ಮಲ್ಲಿ ಪ್ರಶ್ನೆಯೇ ಇಲ್ಲದೆ ಚಲಾವಣೆಯಲ್ಲಿದೆ. ಹೋಟೆಲಿನ ಮೇಜಿನ ಮೇಲೆ, ಪತ್ರಿಕೆಯ ಅಂಕಣದಲ್ಲಿ, ಹೋರಾಟಗಾರರ ಭಾಷಣದಲ್ಲಿ ಅದೇ ಮಾತು. ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ಈಗ ಅದು ಬಹುಪಾಲು ತಪ್ಪು ಅನ್ನಿಸುತ್ತದೆ, ತಪ್ಪಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆ ನಂಬಿಕೆ ನಮ್ಮ ಕೈಯಿಂದ ಎರಡು ಕೆಲಸ ತಪ್ಪಿಸುತ್ತಿದೆ. ತೆರೆದಿಟ್ಟದ್ದನ್ನು ಓದುವ ಕೆಲಸ ಒಂದು. ಯಾರೂ ಬರೆದಿಡದೇ ಹೋದದ್ದನ್ನು ಬರೆಸುವ ಕೆಲಸ ಇನ್ನೊಂದು.

ಮೊದಲನೆಯದನ್ನು ನೋಡೋಣ. ಭಾರತದಲ್ಲಿ ಸಾರಿಗೆಯ ಬಗ್ಗೆ ಸರ್ಕಾರ ಅಚ್ಚು ಹಾಕಿಸುವಷ್ಟನ್ನು ಒಬ್ಬ ಮನುಷ್ಯ ಓದಿ ಮುಗಿಸಲಾರ. ರಸ್ತೆ ಸಾರಿಗೆ ಸಚಿವಾಲಯ ಅಪಘಾತಗಳ ವಾರ್ಷಿಕ ವರದಿ ತರುತ್ತದೆ, ರಸ್ತೆಗಳ ಉದ್ದದ ಅಂಕಿಅಂಶ ತರುತ್ತದೆ. ರೈಲ್ವೆಗೆ ತನ್ನದೇ ವಾರ್ಷಿಕ ಪುಸ್ತಕ ಇದೆ. ಯಾವ ವಲಯದ ಯಾವ ಕಾಮಗಾರಿಗೆ ಎಷ್ಟು ದುಡ್ಡು ಎಂದು ಹೇಳುವ, ಪಿಂಕ್ ಬುಕ್ ಎಂದೇ ಎಲ್ಲರೂ ಕರೆಯುವ ಸಂಪುಟ ಇದೆ. ಲೋಕಸಭೆಯಲ್ಲಿ ಒಂದೊಂದು ದಿನಕ್ಕೆ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಉತ್ತರಕ್ಕಿಂತ ಅದರ ಹಿಂದೆ ಲಗತ್ತಿಸಿದ ಅನುಬಂಧವೇ ಹೆಚ್ಚು ಬೆಲೆಯುಳ್ಳದ್ದು ಎಂದು ಓದಿದವರಿಗೆ ಗೊತ್ತು. ರಾಜ್ಯವಾರು, ಕೆಲವೊಮ್ಮೆ ಜಿಲ್ಲಾವಾರು ಕೋಷ್ಟಕ ಅಲ್ಲಿರುತ್ತದೆ. ನಮ್ಮ ವಿಧಾನಸಭೆಯ ಉತ್ತರಗಳಂತೂ ಕನ್ನಡದಲ್ಲೇ ಸಿಗುತ್ತವೆ. ಒಂದು ಡಿಪೋದಲ್ಲಿ ಎಷ್ಟು ಬಸ್ಸು, ಎಷ್ಟು ಚಾಲಕರ ಹುದ್ದೆ ಖಾಲಿ ಎಂದು ಒಬ್ಬ ಶಾಸಕರು ಕೇಳಿದರೆ ಸಾಕು, ಅದು ಸದನದ ದಾಖಲೆಯಾಗಿ ಉಳಿಯುತ್ತದೆ.

ಇವನ್ನೆಲ್ಲ ಓದದೇ ಇದ್ದರೆ ಏನಾಗುತ್ತದೆ? 2022ರ ಡಿಸೆಂಬರ್‌ನಲ್ಲಿ ರೈಲು ಹಳಿ ತಪ್ಪುವುದರ ಬಗ್ಗೆ ಮಹಾಲೇಖಪಾಲರ (ಸಿಎಜಿ) ಒಂದು ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. ನಾಲ್ಕು ವರ್ಷಗಳ ಸಾವಿರಕ್ಕೂ ಹೆಚ್ಚು ತನಿಖಾ ವರದಿಗಳನ್ನು ಓದಿ ಬರೆದದ್ದು ಅದು. ಹಳಿಯ ಸ್ಥಿತಿ ಅಳೆಯುವ ಟ್ರ್ಯಾಕ್ ರೆಕಾರ್ಡಿಂಗ್ ಕಾರುಗಳ ತಪಾಸಣೆಯಲ್ಲಿ ಶೇ 30ರಿಂದ ಶೇ 100ರವರೆಗೆ ಕೊರತೆ ಇದೆ ಎಂದು ಅದರಲ್ಲಿ ಬರೆದಿದೆ. ಶೇ 100ರ ಕೊರತೆ ಎಂದರೆ ಆ ಜಾಗಕ್ಕೆ ಗಾಡಿ ಹೋಗಿಯೇ ಇಲ್ಲ ಎಂದರ್ಥ. ಸುರಕ್ಷತೆಗೆಂದೇ 2017-18ರಲ್ಲಿ ಕಟ್ಟಿದ ರಾಷ್ಟ್ರೀಯ ರೈಲು ಸಂರಕ್ಷಾ ಕೋಶದ ಹಣದಲ್ಲಿ ಪಿಂಗಾಣಿ ಪಾತ್ರೆ, ಪೀಠೋಪಕರಣ, ಕಾಲು ಒತ್ತುವ ಯಂತ್ರಗಳವರೆಗೆ ಕೊಂಡದ್ದೂ ಅಲ್ಲಿದೆ. ಈ ವರದಿ ಯಾವ ಬೀರುವಿನಲ್ಲೂ ಬೀಗದೊಳಗಿರಲಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾಗಿತ್ತು. ಐದು ತಿಂಗಳು ಹಾಗೆಯೇ ಬಿದ್ದಿತ್ತು.

2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಅದರ ಡಬ್ಬಿಗಳು ಪಕ್ಕದ ಹಳಿಯಲ್ಲಿ ಹೋಗುತ್ತಿದ್ದ ಬೆಂಗಳೂರು–ಹೌರಾ ರೈಲಿನ ಮೇಲೆ ಬಿದ್ದವು. 290ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಎಲ್ಲ ಪತ್ರಿಕೆಗಳಿಗೂ ಮಹಾಲೇಖಪಾಲರ ವರದಿ ನೆನಪಾಯಿತು. ಹೊಸದಾಗಿ ಬಯಲಿಗೆಳೆದ ಗುಟ್ಟು ಎಂಬಂತೆ ಅದರ ಸಾಲುಗಳು ಮುಖಪುಟಕ್ಕೆ ಬಂದವು. ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಾಲಸೋರ್‌ನಲ್ಲಿ ಕೆಟ್ಟದ್ದು ಹಳಿಯಲ್ಲ, ಸಿಗ್ನಲ್ಲಿನ ವೈರಿಂಗ್. ವರದಿ ಓದಿದ್ದರೆ ಆ ಅಪಘಾತ ತಪ್ಪುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಐದು ತಿಂಗಳು ಅದನ್ನು ಕೈಗೆತ್ತಿಕೊಳ್ಳದಿದ್ದ ನಾವು ಮರುದಿನ, ಸರ್ಕಾರ ಎಲ್ಲವನ್ನೂ ಮುಚ್ಚಿಟ್ಟಿತ್ತು ಎಂದು ಮಾತಾಡಿದೆವಲ್ಲ, ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅದೇ ಪ್ರಕರಣದಲ್ಲಿ ನಮ್ಮ ರಾಜ್ಯದ ಒಂದು ಕಾಗದವೂ ಇದೆ. 2023ರ ಫೆಬ್ರವರಿ 8ರಂದು, ಅಂದರೆ ಬಾಲಸೋರ್‌ಗೆ ನಾಲ್ಕು ತಿಂಗಳ ಮುಂಚೆ, ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ದಾರಿ ಹೇಳಿತು, ಹಳಿ ಬದಲಿಸುವ ಪಾಯಿಂಟ್ ಇನ್ನೊಂದು ದಾರಿಗೆ ತಿರುಗಿತ್ತು. ಲೋಕೋ ಪೈಲಟ್ ಕಣ್ಣಿಟ್ಟು ನೋಡಿ ರೈಲು ನಿಲ್ಲಿಸಿದ್ದರಿಂದ ಸಾವಿರಾರು ಜೀವ ಉಳಿಯಿತು. ಮರುದಿನವೇ ಹುಬ್ಬಳ್ಳಿಯಲ್ಲಿರುವ ನೈರುತ್ಯ ರೈಲ್ವೆಯ ಮುಖ್ಯ ಕಾರ್ಯಾಚರಣೆ ಅಧಿಕಾರಿ, ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪ ಇದೆ ಎಂದು ಪತ್ರ ಬರೆದರು. ಆ ಪತ್ರ ಇಲಾಖೆಯೊಳಗಿತ್ತು, ಜನರಿಗೆ ಕಂಡದ್ದು ಬಾಲಸೋರ್ ಆದ ಮೇಲೆ. ಬಾಲಸೋರ್ ಅಪಘಾತದ ಕುರಿತು ರೈಲ್ವೆ ಸುರಕ್ಷತಾ ಆಯುಕ್ತರ ವರದಿಯನ್ನೂ, ಸಿಬಿಐ ತನಿಖೆಗೆ ತೊಂದರೆಯಾದೀತು ಎಂಬ ಕಾರಣ ಕೊಟ್ಟು, ಪ್ರಕಟಿಸಲಿಲ್ಲ. ಸುರಕ್ಷತಾ ಆಯುಕ್ತರನ್ನು ರೈಲ್ವೆ ಮಂಡಳಿಯ ಕೈಕೆಳಗೆ ಇಡದೆ ನಾಗರಿಕ ವಿಮಾನಯಾನ ಸಚಿವಾಲಯದ ಅಡಿ ಇಟ್ಟಿರುವುದೇ ಅವರು ನಿರ್ಭಿಡೆಯಿಂದ ಬರೆಯಲಿ ಎಂದು. ಬರೆದದ್ದನ್ನು ಸತ್ತವರ ಮನೆಯವರು ಓದಲಾರದ ಹಾಗೆ ಇಟ್ಟರೆ ಆ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ.

ಹಾಗಾದರೆ ಮುಚ್ಚಿಡುವುದು ಇದ್ದೇ ಇದೆಯಲ್ಲ ಎನ್ನಬಹುದು. ಇದೆ. ಬೆಂಗಳೂರಿನ ಮೆಟ್ರೊ ದರವನ್ನು 2025ರ ಫೆಬ್ರವರಿ 9ರಿಂದ ಏರಿಸಿದರು. ಏರಿಕೆಗೆ ಆಧಾರವಾದ ದರ ನಿಗದಿ ಸಮಿತಿಯ ವರದಿ ಜನರ ಕೈಗೆ ಬಂದದ್ದು ವಿಷಯ ಹೈಕೋರ್ಟಿಗೆ ಹೋದ ಮೇಲೆ, ಸೆಪ್ಟೆಂಬರ್‌ನಲ್ಲಿ. ಏಳು ತಿಂಗಳು ಪ್ರಯಾಣಿಕರು ಕಾರಣ ತಿಳಿಯದೆ ದುಡ್ಡು ಕೊಟ್ಟರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಎಂಟನೇ ಕಲಮನ್ನು ತಿದ್ದಿ, ವೈಯಕ್ತಿಕ ಎಂಬ ಒಂದು ಪದದ ಹಿಂದೆ ಬಹಳಷ್ಟನ್ನು ಅಡಗಿಸಲು ದಾರಿ ಮಾಡಿದೆ. ಇವುಗಳ ವಿರುದ್ಧ ಹೋರಾಡಲೇಬೇಕು. ಆದರೆ ಮುಚ್ಚಿಟ್ಟದ್ದಕ್ಕೆ ಒಂದು ಹೆಸರಿರುತ್ತದೆ, ದಿನಾಂಕ ಇರುತ್ತದೆ, ಅದು ಯಾರ ಮೇಜಿನ ಮೇಲಿದೆ ಎಂದು ಗೊತ್ತಿರುತ್ತದೆ. ಆ ವರದಿ ಕೊಡಿ ಎಂದು ಕೋರ್ಟಿಗೆ ಹೋಗಬಹುದು. ಬರೆದೇ ಇಲ್ಲದ್ದನ್ನು ಕೊಡಿ ಎಂದು ಯಾವ ಕೋರ್ಟಿಗೆ ಹೋಗುವುದು? ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಬಿಟ್ಟಿದೆ: ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನು ಅರ್ಜಿದಾರನಿಗಾಗಿ ಕಲೆಹಾಕಿ, ಹೊಸದಾಗಿ ತಯಾರಿಸಿ ಕೊಡುವ ಹೊಣೆ ಸರ್ಕಾರಿ ಪ್ರಾಧಿಕಾರದ ಮೇಲಿಲ್ಲ. ನನ್ನ 6.40ರ ಬಸ್ಸಿನ ಅರ್ಜಿ ಬಿದ್ದದ್ದು ಇದೇ ಗುಂಡಿಗೆ. ಬಸ್ಸು ಬಂದು ಹೋದ ಹೊತ್ತಿನ ರಿಜಿಸ್ಟರಿನ ಪುಟಗಳ ನಕಲು ಕೊಡಿ ಎಂದು ಕೇಳಿದ್ದರೆ ಕೊಡಲೇಬೇಕಾಗುತ್ತಿತ್ತು. ಎಷ್ಟು ದಿನ ಎಂದು ಕೇಳಿದೆ. ಪುಟ ಇತ್ತು, ಮೊತ್ತ ಇರಲಿಲ್ಲ.

ಸಾರಿಗೆಯಲ್ಲಿ ಏನನ್ನು ಎಣಿಸುತ್ತಾರೆ, ಏನನ್ನು ಬಿಡುತ್ತಾರೆ ಎಂಬುದರ ಹಿಂದೆ ಒಂದು ಕ್ರಮ ಇದೆ. ನನಗೆ ಅದು ಕಂಡದ್ದು ತಡವಾಗಿ: ದುಡ್ಡು ಕೈ ಬದಲಾಯಿಸುವ ಕಡೆ ಮಾತ್ರ ಎಣಿಕೆ ಹುಟ್ಟುತ್ತದೆ. ಆರ್‌ಟಿಒ ಕೌಂಟರು, ಟೋಲ್ ಗೇಟು, ಟಿಕೆಟ್ ಮೆಷಿನ್ನು. ಈ ಮೂರು ಜಾಗದಲ್ಲಿ ಸರ್ಕಾರದ ಲೆಕ್ಕ ಗಂಟೆಗಂಟೆಗೂ ತಾಜಾ. ಅದರಾಚೆ ಕತ್ತಲು.

ವಾಹನ್ ಡ್ಯಾಶ್‌ಬೋರ್ಡ್ ತೆರೆದು ನೋಡಿ. ಇವತ್ತು ಬೆಳಗ್ಗೆಯಿಂದ ಯಾವ ಆರ್‌ಟಿಒದಲ್ಲಿ ಯಾವ ಕಂಪನಿಯ ಎಷ್ಟು ಸ್ಕೂಟರ್ ನೋಂದಣಿಯಾಯಿತು, ಪೆಟ್ರೋಲಿನದೆಷ್ಟು ವಿದ್ಯುತ್ತಿನದೆಷ್ಟು ಎಂದು ಹೇಳುತ್ತದೆ. ಇದೇ ಸರ್ಕಾರದ ಪಾರದರ್ಶಕತೆಗೆ ದೊಡ್ಡ ಸಾಕ್ಷಿ ಎನ್ನುವವರಿದ್ದಾರೆ. ನಾನೂ ಅದನ್ನು ಬಳಸುತ್ತೇನೆ, ಒಳ್ಳೆಯದೇ. ಆದರೆ ಅದರೊಳಗಿನ ಬೆಂಗಳೂರಿನ ಕೋಟಿ ದಾಟಿದ ವಾಹನಗಳಲ್ಲಿ ಎಷ್ಟು ಗುಜರಿಗೆ ಹೋದವು, ಎಷ್ಟು ಹಿತ್ತಲಲ್ಲಿ ತುಕ್ಕು ಹಿಡಿದಿವೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ನೋಂದಣಿಯ ದಿನ ದುಡ್ಡು ಬಂತು, ಅಂಕಿ ಏರಿತು. ಗಾಡಿ ಸತ್ತ ದಿನ ಯಾರೂ ಕೌಂಟರಿಗೆ ಬರುವುದಿಲ್ಲ. ತೆಲಂಗಾಣ ತನ್ನದೇ ವ್ಯವಸ್ಥೆ ಇಟ್ಟುಕೊಂಡಿದ್ದರಿಂದ ಬಹುಕಾಲ ದೇಶದ ಮೊತ್ತದಲ್ಲಿ ಆ ರಾಜ್ಯವೇ ಇರಲಿಲ್ಲ. ಪತ್ರಿಕೆಗಳು ಮಾತ್ರ ದೇಶದ ಅಂಕಿ ಎಂದೇ ಬರೆದವು. ಇನ್ನೂ ಒಂದು ವಿಷಯ ಇದೆ. 2019ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಈ ದತ್ತಾಂಶವನ್ನು ಸಗಟಾಗಿ ಮಾರುವ ನೀತಿಯನ್ನೇ ತಂದಿತ್ತು: ಕಂಪನಿಗಳಿಗೆ ವರ್ಷಕ್ಕೆ ₹3 ಕೋಟಿ, ಶಿಕ್ಷಣ ಸಂಸ್ಥೆಗಳಿಗೆ ₹5 ಲಕ್ಷ. 87 ಖಾಸಗಿ ಕಂಪನಿಗಳಿಗೆ ಪ್ರವೇಶ ಕೊಟ್ಟು ಸುಮಾರು ₹65 ಕೋಟಿ ಬಂದಿದೆ ಎಂದು ಸಂಸತ್ತಿಗೆ ತಿಳಿಸಿತು. ಖಾಸಗಿತನದ ಪ್ರಶ್ನೆ ಎದ್ದು 2020ರಲ್ಲಿ ಆ ನೀತಿ ಹಿಂದಕ್ಕೆ ಹೋಯಿತು. ಮುಚ್ಚಿಡುವ ಸರ್ಕಾರ ಎಂದು ನಾವು ಬೈಯುತ್ತಿದ್ದ ಕಾಲದಲ್ಲಿ ಅದು ನಮ್ಮ ಗಾಡಿಗಳ ವಿವರವನ್ನು ಕೋಟಿಗಟ್ಟಲೆಗೆ ಕೊಡುತ್ತಿತ್ತು.

ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಈ ಕ್ರಮಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. 2023ರ ಜೂನ್ 11ಕ್ಕೆ ಮುಂಚೆ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ದಿನಕ್ಕೆ ಎಷ್ಟು ಹೆಂಗಸರು ಓಡಾಡುತ್ತಾರೆ ಎಂದು ಯಾರು ಕೇಳಿದ್ದರೂ ಅಂದಾಜು ಹೇಳಬೇಕಿತ್ತು. ಟಿಕೆಟಿಗೆ ಗಂಡು ಹೆಣ್ಣು ಗೊತ್ತಿರಲಿಲ್ಲ. ಜೂನ್ 11ರಿಂದ ನಾಲ್ಕು ನಿಗಮಗಳಿಗೂ ಪ್ರತಿ ಉಚಿತ ಪ್ರಯಾಣದ ದುಡ್ಡನ್ನು ಸರ್ಕಾರ ತುಂಬಿಕೊಡಬೇಕಾಯಿತು. ದುಡ್ಡು ತುಂಬಬೇಕಾದರೆ ಲೆಕ್ಕ ಬೇಕು, ಲೆಕ್ಕಕ್ಕೆ ಶೂನ್ಯ ಟಿಕೆಟ್ ಬಂತು. ಒಂದೇ ರಾತ್ರಿಯಲ್ಲಿ ರಾಜ್ಯಕ್ಕೆ ತನ್ನ ಹೆಣ್ಣುಮಕ್ಕಳ ಓಡಾಟ ಕಾಣತೊಡಗಿತು. 2025ರ ಜುಲೈ 14ಕ್ಕೆ ಅಂಥ ಟಿಕೆಟುಗಳು 500 ಕೋಟಿ ಮುಟ್ಟಿದವು. ಇದು ಸಣ್ಣ ಸಂಗತಿಯಲ್ಲ. ಕೂಲಿಗೆ, ಸಂತೆಗೆ, ಆಸ್ಪತ್ರೆಗೆ, ತವರಿಗೆ ಹೋಗುವ ಕೋಟ್ಯಂತರ ಪಯಣಗಳು ಮೊದಲ ಬಾರಿಗೆ ಸರ್ಕಾರದ ಪುಸ್ತಕ ಸೇರಿದವು. ಯೋಜನೆಯನ್ನು ಬೈಯುವವರೂ ಹೊಗಳುವವರೂ ಆ 500 ಕೋಟಿಯನ್ನೇ ಬೀಸುತ್ತಾರೆ. ಯಾವ ಹೋಬಳಿಯಿಂದ ಯಾವ ಊರಿಗೆ, ಯಾವ ಹೊತ್ತಿನಲ್ಲಿ ಹೆಣ್ಣುಮಕ್ಕಳು ಹೋಗುತ್ತಿದ್ದಾರೆ ಎಂದು ಅದೇ ಮೆಷಿನ್ನು ಹೇಳಬಲ್ಲದು. ಹತ್ತಿದ ಸ್ಟೇಜು, ಇಳಿಯುವ ಸ್ಟೇಜು, ಗಂಟೆ ಎಲ್ಲವೂ ಆ ಚೀಟಿಯಲ್ಲಿದೆ. ಅದನ್ನು ಕೇಳಿದವರನ್ನು ನಾನು ಕಂಡಿಲ್ಲ.

ಆ 6.40ರ ಬಸ್ಸು ಬಂದ ಒಂದು ಸಂಜೆ ನಾನೂ ಹತ್ತಿದೆ. ಮುಂದೆ ಅಣ್ಣ ತಂಗಿ ನಿಂತಿದ್ದರು, ಇಬ್ಬರೂ ಒಂದೇ ಕಾಲೇಜು. ಕಂಡಕ್ಟರ್ ತಂಗಿಯ ಗುರುತಿನ ಚೀಟಿ ನೋಡಿ ಮೆಷಿನ್ ಒತ್ತಿದರು, ಚೀಟಿ ಹರಿದು ಕೊಟ್ಟರು. ಅಣ್ಣ ವಿದ್ಯಾರ್ಥಿ ಪಾಸು ಎತ್ತಿ ತೋರಿಸಿದ, ಕಂಡಕ್ಟರ್ ತಲೆ ಆಡಿಸಿ ಮುಂದೆ ಹೋದರು. ಮೆಷಿನ್ ಸುಮ್ಮನಿತ್ತು. ಒಂದೇ ಮನೆಯಿಂದ ಹೊರಟು ಒಂದೇ ಸೀಟಿನ ಕಂಬಿ ಹಿಡಿದ ಇಬ್ಬರಲ್ಲಿ ಒಬ್ಬಳ ಪಯಣ ಬರೆಯಲ್ಪಟ್ಟಿತು, ಇನ್ನೊಬ್ಬನದು ಇಲ್ಲ. ಅವನ ಪಾಸಿನ ದುಡ್ಡು ಜೂನ್ ತಿಂಗಳಲ್ಲೇ ಕಟ್ಟಿಯಾಗಿತ್ತು. ಅಲ್ಲಿಗೆ ಅವನ ಲೆಕ್ಕ ಮುಗಿದಿತ್ತು. ನಾಳೆ ಈ ಟ್ರಿಪ್ಪಿಗೆ ಕಲೆಕ್ಷನ್ ಇಲ್ಲ, ಇಪಿಕೆಎಂ (ಕಿಲೋಮೀಟರಿಗೆ ಬರುವ ಆದಾಯ) ಬಿದ್ದಿದೆ ಎಂದು ಶೆಡ್ಯೂಲ್ ಕಡಿತ ಮಾಡುವ ಮಾತು ಬಂದರೆ, ಪಾಸು ತೋರಿಸಿದ ಹುಡುಗರು ಆ ಬಸ್ಸಿನಲ್ಲಿ ಇದ್ದರು ಎಂದು ಹೇಳಲು ಟಿಕೆಟಿನ ಸಾಕ್ಷಿ ಇಲ್ಲ.

ಟಿಕೆಟ್ಟೂ ಇಲ್ಲದೆ, ಪಾಸೂ ಇಲ್ಲದೆ ನಡೆಯುವವರ ಸ್ಥಿತಿ ಇದಕ್ಕಿಂತ ಕಷ್ಟ. ಸರ್ಕಾರ ಅವರನ್ನು ಎಣಿಸಿದ ಒಂದು ಸಂದರ್ಭ ನನಗೆ ಗೊತ್ತು. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಿದ್ದರು. ಅದರ ಉತ್ತರ ಬಿ-28 ಎಂಬ ಕೋಷ್ಟಕದಲ್ಲಿದೆ. ಕೃಷಿ ಮತ್ತು ಮನೆಕೈಗಾರಿಕೆ ಬಿಟ್ಟು ಉಳಿದ ಸುಮಾರು 20 ಕೋಟಿ ದುಡಿಯುವವರಲ್ಲಿ 4.5 ಕೋಟಿ ಜನ ನಡೆದೇ ಹೋಗುತ್ತಾರೆ. ಸೈಕಲ್ಲಿನಲ್ಲಿ ಹೋಗುವವರು ಸುಮಾರು 2.6 ಕೋಟಿ, ಬಸ್ಸಿನಲ್ಲಿ 2.3 ಕೋಟಿ. ಕಾರಿನಲ್ಲಿ ಹೋಗುವವರು 54 ಲಕ್ಷದ ಆಸುಪಾಸು. ಮತ್ತೊಮ್ಮೆ ಓದಿ: ಕಾರಿನವರ ಎಂಟು ಪಟ್ಟು ಜನ ಕಾಲ್ನಡಿಗೆಯಲ್ಲಿ. ನಮ್ಮ ದೇಶದ ಸಾರಿಗೆಯ ಬಗ್ಗೆ ಸರ್ಕಾರ ಪ್ರಕಟಿಸಿದ್ದರಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಪುಟ ಇದು. ಅದು ಗುಟ್ಟಿನದಲ್ಲ, ಎಲ್ಲರಿಗೂ ತೆರೆದಿದೆ. ಮೇಲ್ಸೇತುವೆಗೆ ಎಷ್ಟು ಸಾವಿರ ಕೋಟಿ ಎಂದು ಜಗಳವಾಡುವ ನಮ್ಮ ಟಿವಿ ಚರ್ಚೆಗಳಲ್ಲಿ ಒಬ್ಬರಾದರೂ ಬಿ-28 ಎಂದದ್ದನ್ನು ನಾನು ಕೇಳಿಲ್ಲ.

ನಡೆಯುವವರು ಸರ್ಕಾರದ ಲೆಕ್ಕಕ್ಕೆ ವರ್ಷವರ್ಷವೂ ಬರುವುದು ಸತ್ತ ಮೇಲೆ. ಅಲ್ಲಿಯೂ ಲೆಕ್ಕ ನೆಟ್ಟಗಿಲ್ಲ. ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ 2016ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,50,785. ಅವರಲ್ಲಿ ಪಾದಚಾರಿಗಳು 15,746. 2022ರಲ್ಲಿ ಸತ್ತವರು 1,68,491, ಪಾದಚಾರಿಗಳು 32,825. ಒಟ್ಟು ಸಾವು ಆರು ವರ್ಷದಲ್ಲಿ ಶೇ 12ರಷ್ಟು ಏರಿದೆ, ಪಾದಚಾರಿಗಳ ಸಾವು ಎರಡು ಪಟ್ಟು ದಾಟಿದೆ. ಆರೇ ವರ್ಷದಲ್ಲಿ ನಡೆಯುವವರಿಗೆ ಮಾತ್ರ ರಸ್ತೆ ಇಷ್ಟು ಕ್ರೂರವಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಮೊದಲೂ ಅಷ್ಟೇ ಜನ ಸಾಯುತ್ತಿದ್ದರು, ಅವರನ್ನು ಬೇರೆ ಕಾಲಮ್ಮಿನಲ್ಲಿ ಬರೆಯುತ್ತಿದ್ದರು ಎಂಬುದೇ ಹೆಚ್ಚು ನಂಬಲರ್ಹ. ದೆಹಲಿ ಐಐಟಿಯ ದಿನೇಶ್ ಮೋಹನ್ ಮತ್ತು ಗೀತಂ ತಿವಾರಿ ಇದನ್ನು ವರ್ಷಗಳಿಂದ ಹೇಳುತ್ತ ಬಂದರು: ಠಾಣೆಯ ಎಫ್‌ಐಆರ್‌ಗಳನ್ನು ಒಂದೊಂದಾಗಿ ಓದಿದರೆ ಸಿಗುವ ಪಾದಚಾರಿಗಳ ಪಾಲು, ರಾಷ್ಟ್ರೀಯ ಕೋಷ್ಟಕದಲ್ಲಿ ಅಚ್ಚಾಗುವುದಕ್ಕಿಂತ ಬಹಳ ದೊಡ್ಡದು.

ಇಲ್ಲಿ ಮುಚ್ಚಿಟ್ಟವರು ಯಾರು? ಎಫ್‌ಐಆರ್‌ನಲ್ಲಿ ಪೇದೆ ಸರಿಯಾಗಿಯೇ ಬರೆದಿರುತ್ತಾನೆ. ರಸ್ತೆ ದಾಟುತ್ತಿದ್ದ ಮುದುಕಿಗೆ ಹಾಲಿನ ವ್ಯಾನ್ ಗುದ್ದಿತು ಎಂದೇ ಇರುತ್ತದೆ. ತಿಂಗಳ ಕೊನೆಗೆ ಅದು ನಮೂನೆಗೆ ಇಳಿಯುವಾಗ ವ್ಯಾನ್ ಉಳಿಯುತ್ತದೆ, ಮುದುಕಿ ಕಳೆದುಹೋಗುತ್ತಾಳೆ. ನಮೂನೆ ಕೇಳುವುದೇ ವಾಹನವನ್ನು, ಯಾಕೆಂದರೆ ವಾಹನಕ್ಕೆ ನಂಬರ್ ಇದೆ, ವಿಮೆ ಇದೆ, ಪರಿಹಾರದ ಕೇಸ್ ಇದೆ. ವಿಶ್ವ ಆರೋಗ್ಯ ಸಂಸ್ಥೆ ಅದೇ 2016ಕ್ಕೆ ಭಾರತದ ರಸ್ತೆ ಸಾವನ್ನು 2,99,091 ಎಂದು ಅಂದಾಜು ಮಾಡಿತು, ಅಂದರೆ ನಮ್ಮ ಅಂಕಿಯ ಹತ್ತಿರಹತ್ತಿರ ಎರಡು ಪಟ್ಟು. ಅಂದಾಜಿನ ವಿಧಾನದ ಬಗ್ಗೆ ತಕರಾರು ಇರಬಹುದು. ಒಂದೂವರೆ ಲಕ್ಷ ಜೀವದಷ್ಟು ಅಂತರ ಇರುವಾಗ ತಕರಾರಿನಲ್ಲೇ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಅಪಘಾತವಾದ ಜಾಗದಲ್ಲೇ ವಿವರ ದಾಖಲಿಸುವ ಐರ್ಯಾಡ್ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಿಂದ ಲೆಕ್ಕ ಸುಧಾರಿಸೀತು ಎಂಬ ಆಸೆ ನನಗಿದೆ.

ರಸ್ತೆಯ ಉದ್ದದ ಅಂಕಿಯನ್ನೂ ಹೀಗೆಯೇ ಓದಬೇಕು. ದೇಶದಲ್ಲಿ 63 ಲಕ್ಷ ಕಿಲೋಮೀಟರ್ ರಸ್ತೆ, ಜಗತ್ತಿನಲ್ಲಿ ಎರಡನೆಯದು ಎಂದು ಎಲ್ಲರಿಗೂ ಬಾಯಿಪಾಠ. ರಾಷ್ಟ್ರೀಯ ಹೆದ್ದಾರಿ 2014ರಲ್ಲಿ 91 ಸಾವಿರ ಕಿಲೋಮೀಟರ್ ಇದ್ದದ್ದು 2023ಕ್ಕೆ 1.46 ಲಕ್ಷಕ್ಕೆ ಏರಿತು. ಈ ಏರಿಕೆಯಲ್ಲಿ ಬಹುಪಾಲು, ಇದ್ದ ರಾಜ್ಯ ಹೆದ್ದಾರಿಗೆ ಅಧಿಸೂಚನೆ ಹೊರಡಿಸಿ ಹೆಸರು ಬದಲಿಸಿದ್ದು. ಮುಂದೆ ಅಗಲ ಮಾಡುತ್ತಾರೆ, ಡಾಂಬರು ಹಾಕುತ್ತಾರೆ, ಅದು ಸರಿ. ಆದರೆ ಅಧಿಸೂಚನೆಯ ದಿನ ರಸ್ತೆ ಒಂದು ಗೇಣೂ ಬೆಳೆದಿರುವುದಿಲ್ಲ. ಅದೇ ಅಂಕಿಅಂಶದ ಪುಸ್ತಕದಲ್ಲಿ ರಸ್ತೆ ಯಾರಿಗೆ ಸೇರಿದ್ದು, ಡಾಂಬರು ಇದೆಯೋ ಇಲ್ಲವೋ ಎಂಬ ವಿಂಗಡಣೆ ಇದೆ. ಪಕ್ಕದಲ್ಲಿ ನಡೆಯಲು ಜಾಗ ಇದೆಯೇ ಎಂಬುದಕ್ಕೆ ಕಾಲಮ್ಮೇ ಇಲ್ಲ.

ಮಾಹಿತಿ ಹಕ್ಕು ಕಾಯ್ದೆ ನಮಗೆ 2005ರಲ್ಲಿ ಬಂತು. ಕರ್ನಾಟಕ ಅದಕ್ಕೂ ಮುಂಚೆ, 2000ದಲ್ಲೇ ತನ್ನದೇ ಕಾಯ್ದೆ ಮಾಡಿತ್ತು. 2005ರ ಕಾಯ್ದೆಯನ್ನು ನಾವು ಬಹುಪಾಲು ಆರನೇ ಕಲಮಿನಿಂದ ಬಲ್ಲೆವು: ಅರ್ಜಿ ಹಾಕು, ಕಾಯಿ, ಮೇಲ್ಮನವಿ ಹೋಗು. ನನ್ನ ಮಟ್ಟಿಗೆ ಅದರ ಜೀವ ಇರುವುದು ನಾಲ್ಕನೇ ಕಲಮಿನಲ್ಲಿ. ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಬಗೆಯ ವಿವರ ಅಲ್ಲಿ ಪಟ್ಟಿಯಾಗಿದೆ. ಕಚೇರಿಗಳು ಅದನ್ನು ಅಧಿಕಾರಿಗಳ ಹೆಸರು, ಫೋನ್ ನಂಬರು, ಸಂಬಳದ ಪಟ್ಟಿಗೆ ಇಳಿಸಿವೆ. ನಾವೂ ಅಷ್ಟಕ್ಕೆ ಒಪ್ಪಿಕೊಂಡಿದ್ದೇವೆ. ಒಂದು ಡಿಪೋ ಆ ಕಲಮಿನ ಅಡಿಯಲ್ಲಿ ತನ್ನ ಶೆಡ್ಯೂಲುಗಳ ಪಟ್ಟಿ, ಹೊರಟದ್ದೆಷ್ಟು, ರದ್ದಾದದ್ದೆಷ್ಟು ಎಂದು ತಿಂಗಳಿಗೊಂದು ಹಾಳೆ ಹಚ್ಚಿದರೆ ಯಾವ ರಹಸ್ಯವೂ ಬಯಲಾಗುವುದಿಲ್ಲ. ಯಾರೂ ತಡೆದಿಲ್ಲ, ಯಾರೂ ಹೇಳಿಲ್ಲ, ಹಾಗಾಗಿ ಆಗಿಲ್ಲ.

ಈಗ ಜನಗಣತಿ ಬರುತ್ತಿದೆ. 2021ರಲ್ಲಿ ಆಗಬೇಕಿದ್ದದ್ದು ತಪ್ಪಿ, 2027ರ ಮಾರ್ಚ್ 1 ಅದರ ಆಧಾರ ದಿನಾಂಕ ಎಂದು ನಿಗದಿಯಾಗಿದೆ. ಹದಿನಾರು ವರ್ಷ ದೇಶ ಹೇಗೆ ಓಡಾಡುತ್ತದೆ ಎಂಬುದನ್ನು ನಾವು 2011ರ ಕನ್ನಡಿಯಲ್ಲಿ ನೋಡಿದ್ದೇವೆ. ಸಾರಿಗೆಯ ಬಗ್ಗೆ ಮಾತಾಡುವ ಸಂಘಟನೆಗಳು, ಪತ್ರಿಕೆಗಳು ಈಗ ಹಿಡಿಯಬೇಕಾದ ಹಟ ಇದು: ಓಡಾಟದ ಪ್ರಶ್ನೆ ಇರಲೇಬೇಕು, ಗದ್ದೆಗೆ ಹೋಗುವ ಕೂಲಿಯವರನ್ನೂ ಶಾಲೆ ಕಾಲೇಜಿಗೆ ಹೋಗುವ ಮಕ್ಕಳನ್ನೂ ಅದರಲ್ಲಿ ಸೇರಿಸಬೇಕು, ಕೋಷ್ಟಕ ವರ್ಷಗಟ್ಟಲೆ ಕಾಯಿಸದೆ ಹೊರಬರಬೇಕು. ಬಿ-28ರ 20 ಕೋಟಿಯಲ್ಲಿ ಕೃಷಿ ಕೂಲಿಯವರಿಲ್ಲ, ಪಾಸು ತೋರಿಸಿದ ಆ ಹುಡುಗನಂಥವರೂ ಇಲ್ಲ.

ಕಂಟ್ರೋಲರ್ ಪುಸ್ತಕದ ಆ ಪುಟಗಳನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಿಡಿದುಕೊಂಡೆ. ಪುಸ್ತಕ ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಮೂಟೆ ಕಟ್ಟಿ ಡಿಪೋಗೆ ಕಳಿಸುತ್ತೇವೆ, ಕೆಲ ಕಾಲ ಇಟ್ಟುಕೊಂಡು ಆಮೇಲೆ ತೆಗೆದುಹಾಕುತ್ತಾರೆ ಎಂದರು. ಗ್ರಾಮಸಭೆಯಲ್ಲಿ ಆ ಗೆರೆಗಳನ್ನು ತಾರೀಖು ಸಮೇತ ಓದಿದೆವು. ಕೆಲವರು ತಾರೀಖು ಕೇಳಿದ ಕೂಡಲೇ ನೆನಪಿಸಿಕೊಂಡರು: ಅವತ್ತು ಮಳೆ, ಅವತ್ತು ನಮ್ಮ ಹುಡುಗಿ ಒಂಬತ್ತು ಗಂಟೆಗೆ ಬಂದದ್ದು. ಸಭೆ ಎರಡು ನಿರ್ಣಯ ಬರೆದುಕೊಂಡಿತು. ಬಸ್ಸು ತಪ್ಪದೆ ಬರಲಿ ಎಂಬುದು ಮೊದಲನೆಯದು. ಅಂಥ ನಿರ್ಣಯಗಳು ಗ್ರಾಮಸಭೆಯ ಪುಸ್ತಕದಲ್ಲಿ ಹಿಂದೆಯೂ ಇದ್ದವು. ಎರಡನೆಯದು ಹೊಸದು. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಹಿಂದಿನ ತಿಂಗಳ ಕೆಂಪು ಗೆರೆಗಳನ್ನು ಕೂಡಿ, ನಿಲ್ದಾಣದ ವೇಳಾಪಟ್ಟಿಯ ಪಕ್ಕದಲ್ಲಿ ಹಚ್ಚಬೇಕು ಮತ್ತು ಪಾಸಿನಲ್ಲಿ ಹತ್ತುವವರಿಗೂ ಮೆಷಿನ್ನಿನಲ್ಲಿ ಒಂದು ಚೀಟಿ ಒತ್ತಬೇಕು. ಅದರ ಪ್ರತಿ ಈಗ ಡಿಪೋ ಮ್ಯಾನೇಜರ್ ಮೇಜಿನ ಮೇಲಿದೆ, ಸ್ವೀಕೃತಿಯ ಮೊಹರು ನಮ್ಮ ಹತ್ತಿರ ಇದೆ.